ನೆಲ ಬೇಡದ ಗಿಡ

ನಮ್ಮ ಬಚ್ಚಲುಮನೆಯ ಕಿಟಕಿಯ ಸರಳಿಗೆ ಚಹಾ ಸೋಸುವ ಜರಡಿಯೊಂದು ತಂತಿಯಲ್ಲಿ ನೇತಾಡುತ್ತಿದೆ. ನೀವು ನಮ್ಮ ಮನೆಗೆ ಬಂದರೆ ಕೈಕಾಲು ತೊಳೆಯಲು ಅಲ್ಲಿಗೆ ಹೋಗಿಯೇ ಹೋಗುತ್ತೀರಿ, ಹೋದರೆ ಅದು ನಿಮ್ಮ ಹಣೆಗೆ ಬಡಿದೇ ಬಡಿಯುತ್ತದೆ. ಆದ್ದರಿಂದ ಈಗಲೇ ಸಾರಿ ಹೇಳಿಬಿಡುತ್ತೇನೆ. ಜರಡಿಯೊಳಗೆ ಒಂದಿಷ್ಟು ಇದ್ದಿಲ ಚೂರು, ಅದರ ಮೇಲೆ ತೆಂಗಿನ ನಾರು, ನಾರಿನ ಮೇಲೆ ನನ್ನ ಕಿರುಬೆರಳಿಗಿಂತ ಗಿಡ್ಡನೆಯ ಒಂದು ಗಿಡ. ಅದರ ಬೇರುಗಳು ಜರಡಿಯ ತೂತುಗಳಿಂದ ಹೊರಬಂದು ಗಾಳಿಯಲ್ಲಿ ಬೆಳ್ಳಗೆ ಜೋತುಬಿದ್ದಿವೆ. ಅದು ಆರ್ಕಿಡ್. ಅದರಲ್ಲೂ ಮಿನಿಯೇಚರ್ ಆರ್ಕಿಡ್. ಹೂವು ಬಿಟ್ಟರೆ ಮೂಗುಬೊಟ್ಟಿನಷ್ಟು.

ಮನೆಗೆಲಸಕ್ಕೆ ಬರುವ ಹುಲಿಗೆವ್ವನಿಗೆ ಆ ಜರಡಿಯನ್ನು ಕಂಡರೆ ಆಗುವುದಿಲ್ಲ. ಚಹಾ ಮಾಡುವಾಗ ಬಟ್ಟೆಯ ತುಂಡಿನಲ್ಲಿ ಸೋಸಬೇಕಾಗಿ ಬಂದಾಗಲೆಲ್ಲ ಕೂಗಿ ಹೇಳುತ್ತಾಳೆ: "ಅಮ್ಮಾರ, ಮಂದಿ ಜರಡ್ಯಾಗ ಚಾ ಸೋಸ್ತಾರ. ನೀವು ಗಾಳಿ ಸೋಸಾಕ ಹತ್ತೀರಿ ನೋಡ್ರಿ."

ಹೊಸ ಜರಡಿ ತರಬಹುದಲ್ಲ ಎಂದು ನೀವು ಕೇಳಬಹುದು. ತಂದೆ. ಅದರಲ್ಲೂ ಒಂದು ಗಿಡ ಕೂತಿತ್ತು ಸ್ವಲ್ಪ ದಿನ. ಈಗ ಇಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಹಗರಿಬೊಮ್ಮನಹಳ್ಳಿಗೂ ಆರ್ಕಿಡ್ಡಿಗೂ ಯಾವ ಸಂಬಂಧವೂ ಇಲ್ಲ, ಒಪ್ಪುತ್ತೇನೆ. ಮಾರ್ಚ್ ಬಂತೆಂದರೆ ಇಲ್ಲಿ ಸೀರೆಯ ಒಂದು ತುದಿ ಹರವಿ ಇನ್ನೊಂದು ತುದಿಗೆ ಹೋಗುವುದರೊಳಗೆ ಮೊದಲ ತುದಿ ಒಣಗಿರುತ್ತದೆ. ಬಚ್ಚಲುಮನೆ ಒಂದೇ ನಮ್ಮ ಪಾಲಿನ ಊಟಿ. ಹಂಡೆಯ ಹಬೆ, ಒದ್ದೆ ಗೋಡೆ, ಕಿಟಕಿಯಿಂದ ಬಿಸಿಲಲ್ಲದ ಬೆಳಕು. ರಿಟೈರ್ ಆದ ಇಂಗ್ಲಿಷ್ ಟೀಚರ್ ಒಬ್ಬಳು ದಿನದ ಬಹುಪಾಲು ಬಚ್ಚಲುಮನೆಯಲ್ಲೇ ಇರುತ್ತಾಳೆ ಎಂದು ಓಣಿಯವರು ಬೇರೆ ಏನೇನೋ ಕಾಯಿಲೆ ಊಹಿಸಿಕೊಂಡಿದ್ದರು. ಕೆಲವರು ಮಜ್ಜಿಗೆಗೆ ಮೆಂತ್ಯ ಹಾಕಿ ಕುಡಿಯಲು ಹೇಳಿದರು.

ಈ ಗಿಡವನ್ನು ಹೆಚ್ಚಿಸುವ ರೀತಿ ಚೆನ್ನಾಗಿದೆ. ಹೂವು ಮುಗಿಸಿ ಎಲೆ ಉದುರಿಸಿಕೊಂಡ ಹಳೆಯ ಕಾಂಡವೊಂದನ್ನು ಬುಡದಲ್ಲಿ ಕತ್ತರಿಸಬೇಕು. ಬ್ಲೇಡನ್ನು ಮೊದಲು ಉರಿಗೆ ಹಿಡಿದಿರಬೇಕು. ಕಾಂಡವನ್ನು ಗೆಣ್ಣು ನೋಡಿಕೊಂಡು ತುಂಡು ಮಾಡಿ, ಕತ್ತರಿಸಿದ ಬಾಯಿಗೆ ದಾಲ್ಚಿನ್ನಿ ಪುಡಿ ಸವರಬೇಕು, ಕೊಳೆಯದಿರಲಿ ಎಂದು. ಆಮೇಲೆ ಡಬ್ಬಿಯಲ್ಲಿ ಒದ್ದೆ ಪಾಚಿಯ ಹಾಸಿಗೆ ಮಾಡಿ ಅದರ ಮೇಲೆ ಮಲಗಿಸಬೇಕು. ಗಮನಿಸಿ, ಮಲಗಿಸಬೇಕು, ನೆಡಬಾರದು. ಮಣ್ಣು ತಾಗಿದರೆ ಅದಕ್ಕೆ ಉಸಿರು ಕಟ್ಟುತ್ತದೆ, ಕಪ್ಪಗಾಗಿ ಕರಗಿಹೋಗುತ್ತದೆ. ಮಲಗಿಸಿ ಸುಮ್ಮನಿದ್ದರೆ ತಿಂಗಳುಗಳ ಮೇಲೆ ಯಾವುದೋ ಒಂದು ಗೆಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಾಣುತ್ತದೆ. ಅದೇ ಮರಿ. ಅದಕ್ಕೆ ಎಲೆ ಬಂದು, ಬೇರು ಬಂದು, ಜರಡಿಗೆ ಏರುವ ಯೋಗ್ಯತೆ ಬರಬೇಕಾದರೆ ವರ್ಷವೇ ಹಿಡಿಯುತ್ತದೆ.

ಉರಿಗೆ ಹಿಡಿದ ಬ್ಲೇಡು, ಸೋಪಿನಲ್ಲಿ ತೊಳೆದ ಕೈ, ಮುಚ್ಚಳವಿರುವ ಡಬ್ಬಿ: ಇವೆಲ್ಲ ನನಗೆ ತಾನಾಗಿಯೇ ಒಗ್ಗಿದವು. ಬಳ್ಳಾರಿಯ ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ ಸಿಸ್ಟರ್ ಬೆನಡಿಕ್ಟಾ ಎಂಬವರು ದಿನಾ ಬೆಳಿಗ್ಗೆ ನಮ್ಮ ಉಗುರುಗಳ ಇನ್‌ಸ್ಪೆಕ್ಷನ್ ಮಾಡುತ್ತಿದ್ದರು. ರಜೆ ಮುಗಿಸಿ ಹೋದ ದಿನ ನನ್ನ ಉಗುರಿನಲ್ಲಿ ಕೆಂಪು ಮಣ್ಣು ಇದ್ದೇ ಇರುತ್ತಿತ್ತು. "ಯೂ ಹ್ಯಾವ್ ಬ್ರಾಟ್ ಹಡಗಲಿ ವಿತ್ ಯೂ, ಮೈ ಚೈಲ್ಡ್" ಎಂದು ಅವರು ಬ್ರಷ್ಷಿನಿಂದ ತಿಕ್ಕುತ್ತಿದ್ದರು. ಎಷ್ಟು ತಿಕ್ಕಿದರೆಂದರೆ ನನಗೆ ಜೀವನಪೂರ್ತಿ ಮಣ್ಣಿನ ಮೇಲೆ ಒಂದು ಬಗೆಯ ಸಂಕೋಚ ಉಳಿಯಿತು.

ನಮ್ಮ ಹುಟ್ಟೂರು ಹೂವಿನಹಡಗಲಿ. ಅಪ್ಪನದು ಮಲ್ಲಿಗೆ ತೋಟ. ನನ್ನ ತಂಗಿ ಗಿರಿಜಾಳನ್ನೂ ಅಪ್ಪ ನನ್ನ ಹಿಂದೆಯೇ ಕಾನ್ವೆಂಟಿಗೆ ಸೇರಿಸಿದ್ದರು. ಅವಳು ಅತ್ತು ಅತ್ತು ಜ್ವರ ಬರಿಸಿಕೊಂಡು ವಾರದೊಳಗೆ ವಾಪಸ್ ಹೋದಳು. ಹಾಗೆ ನನ್ನ ಪಾಲಿಗೆ ಇಂಗ್ಲಿಷ್ ಬಂತು, ಅವಳ ಪಾಲಿಗೆ ಮಲ್ಲಿಗೆ. ಹಂಚಿಕೆಯಲ್ಲಿ ಯಾರಿಗೆ ಹೆಚ್ಚು ಬಂತು ಎಂದು ನಾವಿಬ್ಬರೂ ಅರವತ್ತರ ನಂತರವೂ ಜಗಳವಾಡಿದ್ದುಂಟು.

ಕಡ್ಡಿ ನೆಡುವುದರಲ್ಲಿ ಗಿರಿಜಾಳ ಕೈಗುಣ ಸಣ್ಣಂದಿನಿಂದಲೇ ಹೆಸರಾಗಿತ್ತು. ಅವಳಿಗೆ ಅದೊಂದು ಪೂಜೆ. ಕಡ್ಡಿಯ ಬುಡವನ್ನು ಸಗಣಿ ಬಗ್ಗಡದಲ್ಲಿ ಅದ್ದುವುದು. ಕೆಳಗಿನ ಗೆಣ್ಣು ಮುಚ್ಚುವಂತೆ ನೆಡುವುದು. ನೆಡುವಾಗ ಮಾತಾಡದಿರುವುದು. ಬಲಗಾಲ ಹಿಮ್ಮಡಿಯಿಂದ ಸುತ್ತಲೂ ಮಣ್ಣು ಒತ್ತುವುದು. ಒಂದು ಚೊಂಬು ನೀರು ಹಾಕಿ, ಬೆನ್ನು ತಿರುಗಿಸಿ ನಡೆದುಬಿಡುವುದು. ಹಿಂದೆ ನೋಡುವಂತಿಲ್ಲ.

"ಯಾಕಲೇ ನೋಡಬಾರ್ದು?" ಎಂದು ನಾನು ಕೇಳಿದ್ದೆ.

"ನೋಡಿದ್ರ ಅದು ನಿನ್ನ ಹಿಂದ ಬಂದುಬಿಡ್ತೈತಿ ಅಕ್ಕಾ. ನೆಲ ಹಿಡಿಯಂಗಿಲ್ಲ."

ನಾನು ಸೈನ್ಸ್ ಕಲಿಯುತ್ತಿದ್ದವಳು. ಬೇಸಿಗೆ ರಜೆಯಲ್ಲಿ ನನ್ನದೇ ಒಂದು ಸಾಲು ನೆಟ್ಟು, ದಿನಾ ಬೆಳಿಗ್ಗೆ ಒಂದೊಂದನ್ನೇ ಕಿತ್ತು ಬೇರು ಬಂದಿದೆಯೇ ಎಂದು ನೋಡಿ ಮತ್ತೆ ನೆಡುತ್ತಿದ್ದೆ. ಎಲ್ಲವೂ ಒಣಗಿದವು. ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಕ್ಕಾ, ನೀ ಕಡ್ಡಿ ನೆಡಾಕ ಹತ್ತಿಲ್ಲ, ಪರೀಕ್ಷಾ ತಗೊಳ್ಳಾಕ ಹತ್ತೀದಿ. ದಿನಾ ಕಿತ್ತು ಕಿತ್ತು ಕೇಳಿದ್ರ ಅದು ಏನು ಉತ್ತರ ಕೊಟ್ಟೀತು?" ಎಂದು ನಕ್ಕಿದ್ದಳು. ಮುಂದೆ ಟೀಚರ್ ಆಗಿ ಮೂರು ತಾಲೂಕುಗಳ ಮಕ್ಕಳನ್ನು ಕಿತ್ತು ಕಿತ್ತು ಕೇಳಿದೆನಲ್ಲ, ಆ ಮಾತು ನನ್ನನ್ನು ಬಿಡಲಿಲ್ಲ.

ಆರ್ಕಿಡ್ ನನಗೆ ಹಿಡಿಸಿದ್ದು ಈ ಕಾರಣಕ್ಕೇ ಇರಬೇಕು. ಬೇರು ಹೊರಗೇ ಇರುತ್ತದೆ. ಕೀಳಬೇಕಾಗಿಲ್ಲ, ಕನ್ನಡಕ ಹಾಕಿಕೊಂಡರೆ ಸಾಕು.

ನಾನು ಮದುವೆಯಾಗಲಿಲ್ಲ. ಗಿರಿಜಾಳನ್ನು ಇಟ್ಟಿಗಿ ಎಂಬ ಊರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ, ಗಂಡ ತೀರಿಕೊಂಡ. ಅದಾದ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಕಡ್ಡಿಗಳ ಕಟ್ಟೊಂದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ನನ್ನ ಮನೆಗೆ ಬಂದಳು. ಬಂದವಳು ನೀರು ಕೂಡ ಕುಡಿಯದೆ ಹಿತ್ತಲಿಗೆ ಹೋಗಿ, ಬಚ್ಚಲು ನೀರು ಹರಿಯುವ ಕಡೆ ನೆಟ್ಟಳು. ಅವು ಹತ್ತಿಕೊಂಡವು. ಸುದ್ದಿ ಹಬ್ಬಿತು. ತಂಬ್ರಹಳ್ಳಿಯ ಕಡೆ ಯಾರಾದರೂ ಹೊಸದಾಗಿ ಮಲ್ಲಿಗೆ ಹಾಕಿದರೆ "ಮೊದಲ ಕಡ್ಡಿ ಗಿರಿಜವ್ವ ನೆಡಬೇಕು" ಎಂದು ಬಂದು ಕರೆದೊಯ್ಯುತ್ತಿದ್ದರು. ಅವಳು ಇಸ್ತ್ರಿ ಸೀರೆಯುಟ್ಟು ಮೋಟರ್ ಸೈಕಲ್ಲಿನ ಹಿಂದೆ ಕೂತು ಹೋಗುವಾಗ ಚೀಫ್ ಗೆಸ್ಟ್ ಇವಳೇ ಎಂಬ ಠೀವಿ.

ಇಬ್ಬರೂ ಸೇರಿ ಹೋದ ಒಂದೇ ಒಂದು ಪ್ರವಾಸ ಊಟಿ. ಅಲ್ಲಿ ಒಂದು ಅಂಗಡಿಯಲ್ಲಿ ಈ ಆರ್ಕಿಡ್ ಕೊಂಡೆ. ಗಿರಿಜಾ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಇದು ಗಿಡ ಅಲ್ಲಕ್ಕಾ, ಮೂಗುತಿ" ಎಂದಳು. ವಾಪಸ್ ಬರುವ ಬಸ್ಸಿನಲ್ಲಿ, ಅದಕ್ಕೆ ಮಣ್ಣು ಬೇಡ ಎಂದು ನಾನು ವಿವರಿಸಿದಾಗ ಮುಖ ಹುಳ್ಳಗೆ ಮಾಡಿದಳು. "ನೆಲ ಬ್ಯಾಡ ಅನ್ನೋ ಗಿಡ ಅದೆಂಥಾದ್ದು? ಯಾರಿಗೂ ಸೇರಿದ್ದಲ್ಲ ಅದು." ಆಮೇಲೆ ಏನನ್ನೋ ನೆನೆದವಳಂತೆ, "ನಿನ್ನಂಗ ಐತಿ ಬಿಡು" ಎಂದಳು. ಹಿಂದಿನ ಸೀಟಿನವರೂ ನಕ್ಕರು. ನನ್ನ ತಂಗಿಯ ನಾಲಿಗೆಗೆ ಆಗ ಅಷ್ಟು ಹರಿತವಿತ್ತು.

ಅದು ಮೊಂಡಾದದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ. ಮರೆವು ನಮ್ಮಿಬ್ಬರಿಗೂ ಇತ್ತು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಹುಡುಕುವ ಬಾಬತ್ತಿನಲ್ಲಿ ನಾನೇ ಸೀನಿಯರ್. ಆದರೆ ಒಂದು ದಿನ ಬೆಳಿಗ್ಗೆ ಬಚ್ಚಲುಮನೆಯ ಡಬ್ಬಿ ತೆರೆದಿತ್ತು. ಪಾಚಿ ಇತ್ತು, ತುಂಡುಗಳಿರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಮಲ್ಲಿಗೆ ಬಳ್ಳಿಯ ಪಕ್ಕದಲ್ಲಿ ಹೊಸ ಸಾಲು. ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪನೆಯ ನನ್ನ ಆರ್ಕಿಡ್ ತುಂಡುಗಳು ಸಗಣಿ ಬಗ್ಗಡ ಮೆತ್ತಿಕೊಂಡು ಮಣ್ಣಿನಲ್ಲಿ ನಿಂತಿದ್ದವು. ಪ್ರತಿಯೊಂದರ ಸುತ್ತಲೂ ಹಿಮ್ಮಡಿಯ ಗುರುತು.

"ಗಿರಿಜಾ, ಏನಲೇ ಇದು! ಇವು ಆರ್ಕಿಡ್ ಅಲ್ಲೇನು?"

"ಬಿಸಿಲಿಗೆ ಬಾಡ್ತಿದ್ವಕ್ಕಾ. ನೆಟ್ಟೆ" ಎಂದಳು, ಉಪಕಾರ ಮಾಡಿದವಳ ಧಾಟಿಯಲ್ಲಿ.

ಅವೆಲ್ಲ ಕೊಳೆತವು. ನಾನು ಸಿಟ್ಟಾದೆ. ಮತ್ತೆ ಡಬ್ಬಿ ತುಂಬಿಸಿದೆ, ಅದರ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪ ಅಕ್ಷರದಲ್ಲಿ 'ಡು ನಾಟ್ ಟಚ್' ಎಂದು ಬರೆದು ಅಂಟಿಸಿದೆ. ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಾರದ ತಂಗಿಗೆ. ಹುಲಿಗೆವ್ವ ನೆಲ ಒರೆಸುತ್ತಾ ಆ ಚೀಟಿ ನೋಡಿ, "ಇದು ಯಾರಿಗ್ರಿ ಅಮ್ಮಾರ, ಇಲಿಗೇನು?" ಎಂದಳು.

ತುಂಡುಗಳು ಮತ್ತೆ ಮಣ್ಣಿಗೆ ಹೋದವು. ಕೈಗೆಟುಕುವಂತಿದ್ದ ಮರಿಗಳೂ ಹೋದವು. ಹೊಸ ಜರಡಿಯದನ್ನಂತೂ ಜರಡಿಯ ಸಮೇತ ಹೂತಿದ್ದಳು. ಬಚ್ಚಲುಮನೆಗೆ ಬೀಗ ಹಾಕಿದೆ. ಗಿರಿಜಾ ಬಾಗಿಲ ಮುಂದೆ ನಿಂತು ಬಡಿದಳು, "ಒಳಗ ಯಾರೋ ಅದಾರ, ಅವರಿಗೆ ಉಸಿರು ಕಟ್ಟತೈತಿ" ಎಂದು ಅತ್ತಳು. ಬೀಗ ತೆಗೆದೆ.

ಬಳ್ಳಾರಿಗೆ ಕರೆದುಕೊಂಡು ಹೋದೆ. ಡಾಕ್ಟರು ಅವಳಿಗೆ ಗಡಿಯಾರ ಬರೆಯಲು ಹೇಳಿದರು. ಅವಳು ದುಂಡಗೆ ಒಂದು ಗೆರೆ ಎಳೆದು, ಒಳಗೆ ಏನು ಹಾಕಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು. ಪರೀಕ್ಷೆಯ ಹಾಲಿನಲ್ಲಿ ಎಷ್ಟೋ ಮಕ್ಕಳು ನನ್ನನ್ನು ಹಾಗೆ ನೋಡಿದ್ದಾರೆ. ಆಗೆಲ್ಲ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಅವತ್ತೂ ತಿರುಗಿದೆ. "ಇದು ನಿಧಾನಕ್ಕೆ ಹೋಗುತ್ತೆ ಮೇಡಂ, ಆದರೆ ಒಂದೇ ಕಡೆಗೆ ಹೋಗುತ್ತೆ" ಎಂದರು ಡಾಕ್ಟರು.

ಹೋಯಿತು. ಮೊದಲು ಓಣಿಯವರ ಹೆಸರುಗಳು, ಆಮೇಲೆ ತೀರಿಹೋದ ಗಂಡನ ಹೆಸರು, ಆಮೇಲೆ ಅವನು ತೀರಿಹೋದ ಸಂಗತಿ. ಹೊತ್ತು ಮುಳುಗುವ ಸಮಯಕ್ಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇಟ್ಟಿಗಿ ಬಸ್ ಹೋಗಿಬಿಡ್ತೈತಿ, ಅವರು ದಾರಿ ನೋಡ್ತಿರ್ತಾರ" ಎಂದು ಬಾಗಿಲಿಗೆ ಹೋಗುತ್ತಿದ್ದಳು. ಆ ಬಸ್ಸು ತಪ್ಪಿತೆಂದು ನಾನು ಪ್ರತಿ ಸಂಜೆ ಹೇಳಬೇಕಿತ್ತು. ಪ್ರತಿ ಸಂಜೆ ಅವಳು ಅದನ್ನು ಹೊಸದಾಗಿ ತಪ್ಪಿಸಿಕೊಂಡು ಅಳುತ್ತಿದ್ದಳು. ಹೂ ಕಟ್ಟುವುದು ಹೋಯಿತು. ಮೊಗ್ಗು ಮುಂದಿಟ್ಟರೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ತಾನೇ ಬೆಳೆಸಿದ ಮಲ್ಲಿಗೆ ಬಳ್ಳಿಯನ್ನು ಒಂದು ಮಧ್ಯಾಹ್ನ ಬುಡಸಮೇತ ಕಿತ್ತು, ಅದು ಹಾವು ಎಂದು ಹುಲಿಗೆವ್ವನಿಗೆ ತೋರಿಸಿದಳು. ಹುಲಿಗೆವ್ವ ಆ ಬಳ್ಳಿಯನ್ನು ಬುಟ್ಟಿಗೆ ಹಾಕಿಕೊಂಡು ಹೋಗುವಾಗ ಏನೂ ತಮಾಷೆ ಮಾಡಲಿಲ್ಲ.

ಆದರೆ ನೆಡುವುದು ಮಾತ್ರ ಹೋಗಲಿಲ್ಲ. ಕೈಗೆ ಆರ್ಕಿಡ್ ತುಂಡು ಸಿಕ್ಕಿತೋ, ಅವಳು ನೆಟ್ಟಗಾಗುತ್ತಿದ್ದಳು. ಬಾಯಿ ಮುಚ್ಚಿಕೊಳ್ಳುತ್ತಿತ್ತು, ಬೆರಳು ಗೆಣ್ಣು ಹುಡುಕುತ್ತಿತ್ತು. ಹಿಮ್ಮಡಿ ಒತ್ತಿ, ನೀರು ಹಾಕಿ, ಹಿಂದೆ ನೋಡದೆ ನಡೆದು ಬರುವಾಗ ಅವಳ ಮುಖದಲ್ಲಿ ಮೋಟರ್ ಸೈಕಲ್ಲಿನ ಆ ಠೀವಿ ಇರುತ್ತಿತ್ತು. ಅಷ್ಟು ಹೊತ್ತು ಮನೆಯಲ್ಲಿ ನನ್ನ ತಂಗಿ ಇರುತ್ತಿದ್ದಳು.

ಅದು ಗೊತ್ತಾದ ದಿನದಿಂದ ನಾನು ಡಬ್ಬಿ ಬಚ್ಚಿಡುವುದನ್ನು ಬಿಟ್ಟೆ. ಬದಲಿಗೆ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ನಾಲ್ಕಾರು ತುಂಡು ಇಟ್ಟು ಒಳಗೆ ಬಂದು ಕಿಟಕಿಯಿಂದ ನೋಡುತ್ತಿದ್ದೆ. ಅವಳು ನೆಡುತ್ತಿದ್ದಳು. ಮಧ್ಯಾಹ್ನ ಅವಳು ಮಲಗಿದಾಗ ನಾನು ಹೋಗಿ ಎಲ್ಲವನ್ನೂ ಕಿತ್ತು, ತೊಳೆದು, ದಾಲ್ಚಿನ್ನಿ ಸವರಿ ಪಾಚಿಯ ಮೇಲೆ ಮಲಗಿಸುತ್ತಿದ್ದೆ. ಮರುದಿನ ಮತ್ತೆ ಕಟ್ಟೆಯ ಮೇಲೆ. ನೋಡಿ, ಮುಪ್ಪಿನಲ್ಲಿ ನಾನು ಮತ್ತೆ ಕಡ್ಡಿ ಕಿತ್ತು ನೋಡುವ ಆ ಹುಡುಗಿಯಾಗಿದ್ದೆ. ಸಿಸ್ಟರ್ ಬೆನಡಿಕ್ಟಾ ಇದ್ದಿದ್ದರೆ ನನ್ನ ಉಗುರು ನೋಡಿ ಗಾಬರಿಯಾಗುತ್ತಿದ್ದರು.

ಹಾಗೆ ದಿನಾ ನೆಟ್ಟು ಕಿತ್ತರೆ ಯಾವ ತುಂಡು ಬದುಕುತ್ತದೆ? ಒಂದೊಂದೇ ಕಪ್ಪಾದವು. ಅವು ಮುಗಿದಂತೆಲ್ಲ ಊಟಿಯಿಂದ ತಂದ ತಾಯಿಗಿಡದ ಕಾಂಡ ಕತ್ತರಿಸುತ್ತಾ ಹೋದೆ, ಮೊದಲು ಒಣಗಿದವನ್ನು, ಆಮೇಲೆ ಹಳದಿಯಾದವನ್ನು.

"ಅಮ್ಮಾರ, ಊಟಿ ಗಿಡ ಬೋಳಾಗಾಕ ಹತ್ತೈತಲ್ರೀ" ಎಂದಳು ಹುಲಿಗೆವ್ವ.

"ಇರಲಿ ಬಿಡು."

"ಇರಲಿ ಬಿಡ್ರಿ" ಎಂದು ಅವಳೂ ಹೇಳಿದಳು. ಮರುದಿನ ಬರುವಾಗ ಒಂದು ಪುಟ್ಟಿ ಸಗಣಿ ತಂದು ಹಿತ್ತಲಲ್ಲಿಟ್ಟಳು, ಗಿರಿಜಾಳ ಬಗ್ಗಡಕ್ಕೆ.

ಈ ಬೇಸಿಗೆಯ ಒಂದು ಬೆಳಿಗ್ಗೆ ಕಟ್ಟೆಯ ಮೇಲಿಟ್ಟ ತುಂಡುಗಳು ಮಧ್ಯಾಹ್ನದವರೆಗೂ ಅಲ್ಲೇ ಇದ್ದವು. ಗಿರಿಜಾ ಅವುಗಳ ಪಕ್ಕದಲ್ಲೇ ಕೂತು ಬಿಸಿಲನ್ನು ನೋಡುತ್ತಿದ್ದಳು. ಮೈ ಚೆನ್ನಾಗಿಲ್ಲವೇನೋ ಎಂದುಕೊಂಡೆ. ಮರುದಿನವೂ ಹಾಗೇ. ಕಡ್ಡಿಗಳು ಒಣಗಿವೆ, ಅದಕ್ಕೇ ಅವಳಿಗೆ ಗುರುತು ಸಿಗುತ್ತಿಲ್ಲ ಎಂದು ಹಸಿಯಾದ ಒಂದನ್ನು ಕತ್ತರಿಸಿಟ್ಟೆ. ಇರುವೆಗಳು ಬಂದು ನೋಡಿ ಹೋದವು. ಗಿರಿಜಾ ನೋಡಲಿಲ್ಲ. ಬಗ್ಗಡ ಪುಟ್ಟಿಯಲ್ಲೇ ಒಣಗಿ ಬಿರಿಯಿತು. ವಾರದ ಮೇಲೆ ವಾರ ನಾನು ಕಿಟಕಿಯಲ್ಲಿ ನಿಂತೆ. ನಿಂತು ನಿಂತು ಕಾಲು ಬಾತುಕೊಂಡವು.

ತಾಯಿಗಿಡದಲ್ಲಿ ಆಗ ಉಳಿದಿದ್ದದ್ದು ಒಂದೇ ಹಸಿರು ಕಾಂಡ. ಅದರ ತುದಿಯಲ್ಲಿ ಮೊಗ್ಗು ಕೂಡ ಕೂತಿತ್ತು. ಅದನ್ನು ಕತ್ತರಿಸಿದರೆ ಗಿಡ ಮುಗಿದಂತೆ. ಆಗ ಎತ್ತರದ ಜಂತಿಗೆ ತೂಗುಹಾಕಿದ್ದ ಜರಡಿಯಲ್ಲಿದ್ದುದರಿಂದ ಅವಳ ಕೈಗೆ ಸಿಗದೆ ಬಚಾವಾಗಿದ್ದ ಈ ಒಂದು ಮರಿ ಬಿಟ್ಟರೆ ಊಟಿಯಿಂದ ಬಂದದ್ದು ಏನೂ ಉಳಿಯುವುದಿಲ್ಲ. ಬ್ಲೇಡನ್ನು ಉರಿಗೆ ಹಿಡಿಯಲಿಲ್ಲ. ದಾಲ್ಚಿನ್ನಿ ಡಬ್ಬಿ ತೆಗೆಯಲಿಲ್ಲ. ಕತ್ತರಿಸಿಕೊಂಡು ಹಿತ್ತಲಿಗೆ ಹೋಗಿ, ಕಟ್ಟೆಯ ಮೇಲೆ ಕೂತಿದ್ದ ಗಿರಿಜಾಳ ಅಂಗೈ ಬಿಡಿಸಿ ಅದರಲ್ಲಿಟ್ಟು ಬೆರಳು ಮಡಚಿದೆ.

"ನೆಡು" ಎಂದೆ. "ನೆಡು ಗಿರಿಜಾ. ಬಾಡಾಕ ಹತ್ತೈತಿ ನೋಡು."

ಅವಳು ಬೆರಳು ಬಿಡಿಸಿ ಅದನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ, ಮುಚ್ಚಿಕೊಳ್ಳುತ್ತದೇನೋ ಎಂದು. ಹೆಬ್ಬೆರಳನ್ನು ನೋಡುತ್ತಿದ್ದೆ, ಗೆಣ್ಣು ಹುಡುಕುತ್ತದೇನೋ ಎಂದು. ಹೆಬ್ಬೆರಳು ಅಲ್ಲಾಡಲಿಲ್ಲ.

"ಚಂದ ಐತ್ರಿ" ಎಂದಳು. "ನಿಮ್ಮದೇನು?" ಎಂದು ಕೇಳಿ, ಬಿದ್ದುಹೋಗದಂತೆ ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸ್ ಕೊಟ್ಟಳು. ಆಮೇಲೆ ನನ್ನ ಮುಖ ನೋಡಿ, ಮಾತು ಬೆಳೆಸಬೇಕೆಂದು, "ನೀವು ಯಾವ ಊರವರ್ರಿ, ಅಮ್ಮಾರ?"

"ಹಡಗಲಿ" ಎಂದೆ.

"ಓ" ಎಂದಳು. ಆ ಊರಿನ ಹೆಸರು ಅವಳ ಮುಖದ ಮೇಲೆ ಎಲ್ಲೂ ನಿಲ್ಲದೆ ಹಾದುಹೋಯಿತು.

ಆ ಕಾಂಡವನ್ನು ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತೋಚಲಿಲ್ಲ. ಪಾಚಿಯ ಡಬ್ಬಿ ಒಳಗಿತ್ತು. ಬದುಕಿಸಬೇಕೆಂದರೆ ಇನ್ನೂ ಹೊತ್ತು ಮೀರಿರಲಿಲ್ಲ. ನಾನು ಒಣಗಿದ ಬಗ್ಗಡಕ್ಕೆ ನೀರು ಹನಿಸಿ ಕಲಸಿದೆ. ಮೊಗ್ಗಿನ ಕಾಂಡದ ಬುಡವನ್ನು ಅದರಲ್ಲಿ ಅದ್ದಿದೆ. ಮಲ್ಲಿಗೆ ಬಳ್ಳಿ ಇದ್ದ ಜಾಗಕ್ಕೆ ಹೋಗಿ, ಮಂಡಿ ಊರಿ, ಕೆಳಗಿನ ಗೆಣ್ಣು ಮುಚ್ಚುವಂತೆ ನೆಟ್ಟೆ. ಮಾತಾಡಲಿಲ್ಲ, ಮಾತಾಡಲು ಯಾರೂ ಇರಲಿಲ್ಲ. ಗೋಡೆ ಹಿಡಿದು ಎದ್ದು ಚಪ್ಪಲಿ ಕಳಚಿ ಹಿಮ್ಮಡಿಯಿಂದ ಸುತ್ತಲೂ ಒತ್ತಿದೆ. ಮಣ್ಣು ಬಿಸಿಯಾಗಿತ್ತು. ಒಂದು ಚೊಂಬು ನೀರು ಹಾಕಿದೆ. ಅದು ನಾಳಿದ್ದಿಗೆ ಕಪ್ಪಾಗುತ್ತದೆ ಎಂದು ನನಗೆ ಗೊತ್ತಿತ್ತು.

ಕಟ್ಟೆಯ ಕಡೆ ನಡೆಯತೊಡಗಿದೆ. ಕಿತ್ತು ನೋಡಿ ಬೆಳೆದವಳಲ್ಲವೇ. ಅರ್ಧ ದಾರಿಯಲ್ಲಿ ಕತ್ತು ತಾನಾಗಿಯೇ ಹಿಂದಕ್ಕೆ ತಿರುಗಿತು.

"ಹಿಂದ ನೋಡಬ್ಯಾಡ್ರಿ, ಅಮ್ಮಾರ."

ಗಿರಿಜಾ ಕಟ್ಟೆಯ ಮೇಲಿಂದ ಹೇಳಿದ್ದಳು. ನನ್ನನ್ನಲ್ಲ, ಬಿಸಿಲನ್ನು ನೋಡುತ್ತಾ.

"ನಿಮ್ಮ ಹಿಂದ ಬಂದುಬಿಡ್ತೈತಿ."

ಕತ್ತನ್ನು ನೇರ ಮಾಡಿಕೊಂಡೆ. ಇನ್ನೇನಾದರೂ ಹೇಳುತ್ತಾಳೇನೋ ಎಂದು ನಿಂತೆ. ಆಮೇಲೆ ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ಬಸ್ಸಿನಲ್ಲಿ ಗುರುತಿಲ್ಲದವರು ಬಂದು ಕುಳಿತರೆ ಜಾಗ ಬಿಡುತ್ತೇವಲ್ಲ, ಹಾಗೆ ಅವಳು ಸ್ವಲ್ಪ ಸರಿದಳು.